ಮೂವತ್ತು ಡಾಲರಿಗೆ ಮಾರಿದ ಹಾಡು

ಹೋದ ಭಾನುವಾರ ಮಹಡಿಯ ಮೇಲೆ ಹಪ್ಪಳ ಒಣಹಾಕಿ ಕಾಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಮಗಳು ಮೊಬೈಲಿನಲ್ಲಿ ಏನೋ ಹಾಡು ಹಾಕಿದಳು. ಮೂವರು ಹೆಂಗಸರ ದನಿ. ಜಡೆಯ ಮೂರು ಎಳೆಗಳ ಹಾಗೆ ಒಂದರೊಳಗೊಂದು ಹೆಣೆದುಕೊಂಡು ಬರುತ್ತಿದ್ದವು. ಮಾತು ಇಂಗ್ಲಿಷಿನದೇ, ಆದರೆ ಪಲ್ಲವಿ ಬಂದಾಗ ಮಾತ್ರ ಇಂಗ್ಲಿಷಲ್ಲದ ಏನೋ ಒಂದು ನುಡಿ. ರಾಗದಲ್ಲಿ ಒಂದು ಅಳು ಇದೆ, ತಾಳ ಮಾತ್ರ ಕುಣಿಯುತ್ತಿದೆ. ಇದೇನೇ ಇದು, ಅಳಬೇಕೋ ಕುಣಿಯಬೇಕೋ ಅಂದೆ. "ಅಮ್ಮ, ಇದು ಜಾಜ್ ಹಾಡು. ಇದನ್ನ ಬರೆದವನು 30 ಡಾಲರಿಗೆ ಮಾರಿಬಿಟ್ಟನಂತೆ" ಅಂದಳು. ಅಷ್ಟು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಆ ಹಾಡಿನ ಜಾತಕವನ್ನೇ ಬಿಚ್ಚಿ ಕೂತೆ. ಈ ಸಲ ನಿಮ್ಮೊಂದಿಗೆ ಹಂಚಿಕೊಳ್ಳುವುದು ಅದನ್ನೇ.

ಹಾಡಿನ ಹೆಸರು 'ಬೈ ಮಿರ್ ಬಿಸ್ಟು ಶೇನ್'. ನನ್ನ ಕಣ್ಣಿಗೆ ನೀನು ಚೆಲುವೆ ಎಂಬಂಥ ಅರ್ಥ. ಭಾಷೆ ಯಿಡ್ಡಿಷ್. ಪೂರ್ವ ಯೂರೋಪಿನ ಯಹೂದ್ಯರು ಮನೆಯಲ್ಲಿ ಆಡುತ್ತಿದ್ದ ಮಾತು ಇದು. ಜರ್ಮನ್ ಭಾಷೆಗೆ ಹತ್ತಿರದ ನೆಂಟ, ಆದರೆ ಬರೆಯುವುದು ಹೀಬ್ರೂ ಲಿಪಿಯಲ್ಲಿ. ದೇವರ ಪ್ರಾರ್ಥನೆಗೆ, ಶಾಸ್ತ್ರಕ್ಕೆ ಹೀಬ್ರೂ. ಮಗುವನ್ನು ಮಲಗಿಸುವುದಕ್ಕೆ, ಸಂತೆಯಲ್ಲಿ ಚೌಕಾಸಿ ಮಾಡುವುದಕ್ಕೆ, ಗಂಡನ ಮೇಲೆ ರೇಗುವುದಕ್ಕೆ ಯಿಡ್ಡಿಷ್. ಅದಕ್ಕೆ ಅವರು ಪ್ರೀತಿಯಿಂದ ಇಟ್ಟ ಹೆಸರೇ ಅಮ್ಮನ ನುಡಿ ಅಂತ. ರಷ್ಯಾ, ಪೋಲೆಂಡ್ ಕಡೆಯಿಂದ ಲಕ್ಷಗಟ್ಟಲೆ ಯಹೂದ್ಯರು ಗಂಟುಮೂಟೆ ಕಟ್ಟಿಕೊಂಡು ಅಮೆರಿಕದ ನ್ಯೂಯಾರ್ಕಿಗೆ ಬಂದಿಳಿದಾಗ ಈ ಅಮ್ಮನ ನುಡಿಯೂ ಜೊತೆಗೆ ಬಂತು. ಅದರಲ್ಲಿ ಪತ್ರಿಕೆಗಳು ಹೊರಟವು, ನಾಟಕ ಕಂಪನಿಗಳು ಹುಟ್ಟಿದವು. ಹಗಲೆಲ್ಲ ಹೊಲಿಗೆ ಕಾರ್ಖಾನೆಯಲ್ಲಿ ಬೆನ್ನು ಬಗ್ಗಿಸಿ ದುಡಿದವರು ರಾತ್ರಿ ನಾಟಕಕ್ಕೆ ಹೋಗಿ ನಕ್ಕು, ಅತ್ತು ಹಗುರಾಗಿ ಬರುತ್ತಿದ್ದರು.

ಅಂಥ ನಾಟಕಗಳಿಗೆ ಸಂಗೀತ ಕೊಡುತ್ತಿದ್ದವರಲ್ಲಿ ಶೋಲೊಮ್ ಸೆಕುಂಡಾ ಒಬ್ಬರು. ಇಂದಿನ ಯುಕ್ರೇನಿನಲ್ಲಿ 1894ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವರು. ಬಾಲ್ಯದಲ್ಲಿ ಯಹೂದ್ಯರ ಪ್ರಾರ್ಥನಾ ಮಂದಿರದಲ್ಲಿ ಸ್ತೋತ್ರ ಹಾಡಿ ಹೆಸರಾಗಿದ್ದ ಮಗು. ಆ ಪ್ರಾರ್ಥನೆಯ ಧಾಟಿ ಅವರ ಗಂಟಲಿನಿಂದ ಹೋಗಲಿಲ್ಲವೋ ಏನೋ, ಮುಂದೆ ಬರೆದ ಪ್ರೇಮಗೀತೆಯಲ್ಲೂ ಆ ಅಳುವಿನ ಎಳೆ ಉಳಿದುಕೊಂಡಿದೆ.

1932ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಒಂದು ಯಿಡ್ಡಿಷ್ ಸಂಗೀತ ನಾಟಕ ರಂಗಕ್ಕೆ ಬಂತು. ಬದುಕಬಹುದು, ಆದರೆ ಬದುಕಲು ಬಿಡುತ್ತಿಲ್ಲ ಎಂಬರ್ಥ ಬರುವ ಹೆಸರು ಅದಕ್ಕೆ. ಅಮೆರಿಕದಲ್ಲಿ ಆಗ ಎಂಥ ಕಾಲ! ಬ್ಯಾಂಕುಗಳು ಮುಳುಗಿ, ಕಾರ್ಖಾನೆಗಳು ಮುಚ್ಚಿ, ಜನ ರೊಟ್ಟಿಗಾಗಿ ಸಾಲು ನಿಂತಿದ್ದ ಕಾಲ. ನಾಟಕಕ್ಕೆ ಹೆಸರೇನೋ ಸರಿಯಾಗಿಯೇ ಇಟ್ಟಿದ್ದರು ಅನ್ನಿ. ಅದರಲ್ಲಿ ಪ್ರೇಮಿಗಳು ಹಾಡುವ ಒಂದು ಯುಗಳಗೀತೆ ಬೇಕಾಯಿತು. ರಂಗಭೂಮಿಯಲ್ಲಿ ನಟರೂ ಆಗಿದ್ದ ಜೇಕಬ್ ಜೇಕಬ್ಸ್ ಸಾಹಿತ್ಯ ಬರೆದರು, ಸೆಕುಂಡಾ ರಾಗ ಕೂಡಿಸಿದರು. ಆರನ್ ಲೆಬೆಡೆಫ್ ಎಂಬ ಜನಪ್ರಿಯ ನಟ ಲೂಸಿ ಲೆವಿನ್ ಜೊತೆ ಅದನ್ನು ಹಾಡಿದರು. ಜನ ಮೆಚ್ಚಿದರು. ಆದರೆ ನಾಟಕ ಒಂದೇ ಹಂಗಾಮಿಗೆ ಮುಗಿಯಿತು. ಹಾಡು ಮದುವೆಮನೆಗಳಲ್ಲಿ, ಯಹೂದ್ಯರ ವಾದ್ಯಮೇಳಗಳಲ್ಲಿ ಉಳಿಯಿತು.

ಸೆಕುಂಡಾಗೆ ಆ ಹಾಡಿನ ಮೇಲೆ ನಂಬಿಕೆ ಇತ್ತು. ಎಡ್ಡಿ ಕ್ಯಾಂಟರ್ ಎಂಬ ಮಹಾ ಪ್ರಸಿದ್ಧ ಹಾಸ್ಯನಟ, ಗಾಯಕ ಆಗ ಹಾಲಿವುಡ್ಡಿನಲ್ಲಿ ಮೆರೆಯುತ್ತಿದ್ದರು. ಅವರೂ ಯಹೂದ್ಯರೇ, ನ್ಯೂಯಾರ್ಕಿನ ಅದೇ ಬಡ ಕೇರಿಯಲ್ಲಿ ಬೆಳೆದವರು. ನಮ್ಮವರೇ ಅಲ್ಲವೇ, ಕೈ ಹಿಡಿದಾರು ಅಂತ ಸೆಕುಂಡಾ ಅವರಿಗೆ ಹಾಡನ್ನು ಕೇಳಿಸಿದರು. ಸಂಗೀತವೇನೋ ಚೆನ್ನಾಗಿದೆ, ಆದರೆ ತೀರಾ ಯಹೂದ್ಯರದಾಯಿತು, ನನಗೆ ಆಗದು ಎಂದುಬಿಟ್ಟರಂತೆ ಕ್ಯಾಂಟರ್. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿ ಮಾತ್ರ ಇರುವುದಲ್ಲ, ನೋಡಿ. ಹಿತ್ತಲಿನಿಂದ ಹೊರಟು ಬಂಗಲೆ ಸೇರಿದವರಿಗಂತೂ ಹಿತ್ತಲ ಗಿಡದ ವಾಸನೆಯೇ ಆಗುವುದಿಲ್ಲ.

ಕಡೆಗೆ 1937ರಲ್ಲಿ ಸೆಕುಂಡಾ ಆ ಹಾಡಿನ ಹಕ್ಕನ್ನು ಕ್ಯಾಮೆನ್ ಸಹೋದರರೆಂಬ ಸಂಗೀತ ಪ್ರಕಾಶಕರಿಗೆ 30 ಡಾಲರಿಗೆ ಮಾರಿದರು. ಅಂದಿನ ನಮ್ಮ ದುಡ್ಡಿನಲ್ಲಿ ಸುಮಾರು 80 ರೂಪಾಯಿ. ಅದರಲ್ಲೂ ಅರ್ಧ ಜೇಕಬ್ಸ್ ಪಾಲಿಗೆ. ಎಂದರೆ ರಾಗ ಹುಟ್ಟಿಸಿದವರ ಕೈಗೆ ಬಂದದ್ದು 15 ಡಾಲರ್! ರುಜು ಹಾಕಿ, ದುಡ್ಡು ಎಣಿಸಿಕೊಂಡು ಬಂದರು. ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಐದು ವರ್ಷ ಹಳೆಯ ನಾಟಕದ ಹಾಡು, ಇನ್ನು ಯಾರು ಕೇಳುತ್ತಾರೆ ಅನ್ನಿಸಿರಬೇಕು.

ಅವರನ್ನು ದಡ್ಡರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಏಕೆಂದರೆ ನಾನೂ ಒಮ್ಮೆ ಅದೇ ಕೆಲಸ ಮಾಡಿದವಳು. ನಮ್ಮ ಅತ್ತೆಯವರ ಹುಳಿಪುಡಿ ನಮ್ಮ ಬೀದಿಗೆಲ್ಲ ಹೆಸರುವಾಸಿ. ಹೊಸದಾಗಿ ಪುಡಿ ವ್ಯಾಪಾರ ಹಿಡಿದಿದ್ದ ಪರಿಚಯದವರೊಬ್ಬರು ಬಂದು, ಕಾಫಿ ಕುಡಿದು, ಹೊಗಳಿ, ಅಳತೆಯನ್ನೆಲ್ಲ ನನ್ನ ಕೈಯಲ್ಲೇ ಬರೆಸಿಕೊಂಡು, 500 ರೂಪಾಯಿ ಮತ್ತು ಒಂದು ಸೀರೆ ಕೊಟ್ಟು ಹೋದರು. ನನಗೆ ಆಗ ಹೆಮ್ಮೆಯೋ ಹೆಮ್ಮೆ. ಎರಡು ವರ್ಷದ ಮೇಲೆ ಅದೇ ಪುಡಿ ಅಂಗಡಿ ಅಂಗಡಿಯಲ್ಲಿ ಪ್ಯಾಕೆಟ್ಟಾಗಿ ತೂಗಾಡತೊಡಗಿದಾಗ ಎದೆ ಧಸಕ್ಕೆಂದಿತು. ಅತ್ತೆಯವರು ಏನೂ ಅನ್ನಲಿಲ್ಲ. ಪ್ಯಾಕೆಟ್ ಒಡೆದು ಮೂಸಿ ನೋಡಿ, "ಮೆಂತ್ಯ ಜಾಸ್ತಿ ಹುರಿದಿದಾರೆ ಕಣೇ" ಅಂದರು, ಅಷ್ಟೇ. ಮನೆಯದು ಅಂತ ನಾವು ಅಂದುಕೊಂಡದ್ದಕ್ಕೆ ನಾವು ಬೆಲೆ ಕಟ್ಟುವುದು ಹೀಗೆಯೇ. ಇರಲಿ, ಹಾಡಿಗೆ ಬರೋಣ.

ಈಗ ಕಥೆ ಹಾರ್ಲೆಂಗೆ ಹೋಗುತ್ತದೆ. ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆ ಅದು, ಜಾಜ್ ಸಂಗೀತದ ತವರುಮನೆಗಳಲ್ಲಿ ಒಂದು. ಅಲ್ಲಿಯ ಅಪೊಲೊ ಥಿಯೇಟರಿನಲ್ಲಿ ಜಾನಿ ಮತ್ತು ಜಾರ್ಜ್ ಎಂಬ ಇಬ್ಬರು ಕಪ್ಪು ಗಾಯಕರು ಈ ಹಾಡನ್ನು ಯಿಡ್ಡಿಷಿನಲ್ಲೇ ಹಾಡುತ್ತಿದ್ದರು! ನ್ಯೂಯಾರ್ಕಿನ ಯಹೂದ್ಯ ಕುಟುಂಬಗಳು ಬೇಸಿಗೆ ಕಳೆಯಲು ಹೋಗುತ್ತಿದ್ದ ಕ್ಯಾಟ್ಸ್‌ಕಿಲ್ ಬೆಟ್ಟದ ಗ್ರಾಸಿಂಗರ್ ಹೋಟೆಲಿನಲ್ಲಿ ಅವರು ಅದನ್ನು ಕಲಿತರಂತೆ. ಸ್ಯಾಮಿ ಕಾನ್ ಎಂಬ ಯುವ ಗೀತರಚನಕಾರ ಒಂದು ದಿನ ಅಪೊಲೊಗೆ ಹೋದ. ಯಹೂದ್ಯ ವಲಸೆಗಾರರ ಮಗ, ಮನೆಯಲ್ಲಿ ಯಿಡ್ಡಿಷ್ ಕೇಳಿಯೇ ಬೆಳೆದವನು. ಒಂದಕ್ಷರ ಅರ್ಥವಾಗದ ಹಾಡಿಗೆ ಥಿಯೇಟರಿಗೆ ಥಿಯೇಟರೇ ಕುಣಿಯುತ್ತಿದ್ದುದನ್ನು ಕಣ್ಣಾರೆ ಕಂಡ. ಅರ್ಥ ತಿಳಿಯದ ಇವರೇ ಹೀಗೆ ಕುಣಿದರೆ ತಿಳಿಯುವ ಮಾತಿನಲ್ಲಿ ಕೊಟ್ಟರೆ ಏನಾದೀತು ಎಂಬ ಲೆಕ್ಕ ಅವನ ತಲೆಯಲ್ಲಿ ಓಡಿತು. ಜೊತೆಗಾರ ಸಾಲ್ ಚಾಪ್ಲಿನ್‌ನೊಂದಿಗೆ ಕೂತು ಇಂಗ್ಲಿಷ್ ರೂಪ ಸಿದ್ಧಮಾಡಿದ.

ಕಾನ್ ಜಾಣ. ಪಲ್ಲವಿಯ ಯಿಡ್ಡಿಷ್ ನುಡಿಯನ್ನು ಮುಟ್ಟಲಿಲ್ಲ. ನಿನ್ನನ್ನು ಹೊಗಳಲು ಒಂದು ಭಾಷೆ ಸಾಲದು, ಆ ಭಾಷೆಯಲ್ಲೂ ಹೇಳುತ್ತೇನೆ, ಈ ಭಾಷೆಯಲ್ಲೂ ಹೇಳುತ್ತೇನೆ ಎಂಬ ಹೊಸ ಭಾವವನ್ನು ಅದರ ಸುತ್ತ ಕಟ್ಟಿದ. ಮೂಲ ಸಾಹಿತ್ಯದ ತರಲೆ, ಕೀಟಲೆ ಎಲ್ಲ ಹೋಯಿತು. ಆದರೆ ಗೊತ್ತಿಲ್ಲದ ಆ ಒಂದು ನುಡಿ ಉಳಿಯಿತಲ್ಲ, ಅದೇ ಕೇಳುವವರ ಕಿವಿ ಹಿಡಿಯಿತು.

ಹಾಡುವವರು? ಇಲ್ಲಿ ಬರುತ್ತಾರೆ ನಮ್ಮ ಮೂವರು ಅಕ್ಕತಂಗಿಯರು. ಲವರ್ನ್, ಮ್ಯಾಕ್ಸೀನ್, ಪ್ಯಾಟಿ. ಆಂಡ್ರ್ಯೂಸ್ ಸಿಸ್ಟರ್ಸ್ ಎಂದು ಇಡೀ ಜಗತ್ತು ಕರೆದದ್ದು ಇವರನ್ನೇ. ಊರು ಮಿನಿಯಾಪೊಲಿಸ್. ಅಪ್ಪ ಗ್ರೀಸ್ ದೇಶದವರು, ಅಮ್ಮ ನಾರ್ವೆಯ ಮನೆತನದವರು. ಯಿಡ್ಡಿಷಿಗೂ ಇವರಿಗೂ ಸ್ನಾನದ ಸಂಬಂಧವೂ ಇಲ್ಲ. ವರ್ಷಗಟ್ಟಲೆ ಊರೂರು ಅಲೆದು ಹಾಡಿದರೂ ಕೈ ಹತ್ತಿರಲಿಲ್ಲ. ಸಾಕು, ಮನೆಗೆ ಬನ್ನಿ ಅಂತ ಅಪ್ಪ ಹಠ ಹಿಡಿದಿದ್ದರಂತೆ. ಹೆಣ್ಣುಮಕ್ಕಳ ಅಪ್ಪಂದಿರು ಎಲ್ಲ ದೇಶದಲ್ಲೂ ಒಂದೇ. ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಲೂ ಲೆವಿ ಎಂಬಾತ, ಮುಂದೆ ಮ್ಯಾಕ್ಸೀನಳ ಗಂಡನೂ ಆದವನು, ಈ ಹಾಡನ್ನು ಅವರಿಗೆ ಕೊಡಿಸಿದ. ಡೆಕ್ಕಾ ರೆಕಾರ್ಡ್ ಕಂಪನಿಯ ಯಜಮಾನ ಜ್ಯಾಕ್ ಕ್ಯಾಪ್ ಯಿಡ್ಡಿಷಿನಲ್ಲಿ ಬೇಡ, ಇಂಗ್ಲಿಷಿನಲ್ಲಾದರೆ ಸರಿ ಎಂದ.

1937ರ ನವೆಂಬರ್ 24ರಂದು ಧ್ವನಿಮುದ್ರಣವಾಯಿತು. ವಿಕ್ ಶೇನ್ ಎಂಬಾತ ವಾದ್ಯಗಳನ್ನು ಹೊಂದಿಸಿದ. ಮುಖ್ಯ ದನಿ ಕಿರಿಯವಳಾದ ಪ್ಯಾಟಿಯದು, ಆಗ ಅವಳಿಗೆ 19 ವರ್ಷ. ಸ್ವಾರಸ್ಯ ಏನೆಂದರೆ, ಈ ಹಾಡನ್ನು ಹಾಕಿದ್ದು ತಟ್ಟೆಯ ಹಿಂಬದಿಗೆ. ಮುಂಬದಿಯಲ್ಲಿ ಗರ್ಷ್‌ವಿನ್ ಸಹೋದರರ ಒಂದು ಹಾಡು, ಓಡುವುದು ಅದೇ ಎಂದು ಎಲ್ಲರ ಎಣಿಕೆ. ಹಬ್ಬದ ಊಟದಲ್ಲಿ ಹೋಳಿಗೆ ಬಿಟ್ಟು ಜನ ಉಪ್ಪಿನಕಾಯಿಯನ್ನೇ ಕೇಳಿ ಕೇಳಿ ಹಾಕಿಸಿಕೊಂಡ ಹಾಗಾಯಿತು. 1938ರ ಜನವರಿ ಹೊತ್ತಿಗೆ ಅಮೆರಿಕದಲ್ಲಿ ಎಲ್ಲಿ ನೋಡಿದರೂ ಅದೇ ಹಾಡು. ಹತ್ತು ಲಕ್ಷ ತಟ್ಟೆ ಖರ್ಚಾದ ಮೊದಲ ಹೆಂಗಸರ ಗಾಯನ ತಂಡ ಎಂಬ ಹೆಗ್ಗಳಿಕೆ ಅವರಿಗೆ ತಂದುಕೊಟ್ಟದ್ದು ಇದೇ ಹಿಂಬದಿಯ ಹಾಡು. ಹೆಸರು ಬಾಯಿಗೆ ಬಾರದೆ ಅಂಗಡಿಗೆ ಬಂದ ಜನ "ನನಗೊಂದು ಬಿಯರ್ ಕೊಡಿಸಿ ಮಿಸ್ಟರ್ ಶೇನ್" ಎಂಬ ಹಾಡು ಇದೆಯೇ ಅಂತ ಕೇಳುತ್ತಿದ್ದರಂತೆ. ಇದನ್ನು ಓದಿ ನಾನು ಒಬ್ಬಳೇ ಅಡಿಗೆಮನೆಯಲ್ಲಿ ನಕ್ಕೆ.

ಹಾಗಾದರೆ ಇದು ಜಾಜ್ ಹಾಡು ಆದದ್ದು ಹೇಗೆ ಎಂದು ನೀವು ಕೇಳಬೇಕು. ಜಾಜ್ ಕಲಾವಿದರೆಲ್ಲರಿಗೂ ಬಾಯಿಪಾಠವಾಗಿರುವ ಕೆಲವು ಹಾಡುಗಳಿರುತ್ತವೆ. ಅವನ್ನು ಸ್ಟ್ಯಾಂಡರ್ಡ್ ಎನ್ನುತ್ತಾರೆ. ಹಾಡು ಒಂದೇ, ಆದರೆ ಹಾಡುವವರು, ನುಡಿಸುವವರು ತಂತಮ್ಮ ಮನೋಧರ್ಮದಂತೆ ಅದನ್ನು ಬೆಳೆಸುತ್ತಾರೆ. ಒಂದೇ ದಾಸರ ಪದವನ್ನು ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಹಾಡುವುದಿಲ್ಲವೇ, ಸುಮಾರಾಗಿ ಹಾಗೆ ಎನ್ನಿ. ಅಕ್ಕತಂಗಿಯರ ತಟ್ಟೆ ಹೊರಬಿದ್ದ ಕೆಲವೇ ವಾರಗಳಲ್ಲಿ ಎಲ್ಲಾ ಫಿಟ್ಸ್‌ಜೆರಾಲ್ಡ್ ಇದನ್ನು ಹಾಡಿದರು. ಜಾಜ್ ಗಾಯಕಿಯರಲ್ಲಿ ಅವರ ಹೆಸರಿಗೆ ಕೈಮುಗಿಯದವರಿಲ್ಲ. ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ತಮ್ಮ ತಂಡದೊಂದಿಗೆ ನುಡಿಸಿದರು.

ಗುಡ್‌ಮನ್ ಮಾಡಿದ್ದು ಬಹಳ ಚೆಂದ. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಅವರ ಕಛೇರಿ ನಡೆಯಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಸಭಾಂಗಣ ಅದು. ಕುಣಿತದ ಸಂಗೀತ ಎಂದು ಮೂಗು ಮುರಿಯಲಾಗುತ್ತಿದ್ದ ಜಾಜ್ ಅಂದು ಆ ವೇದಿಕೆ ಏರಿತು. ಬಿಳಿಯರೂ ಕರಿಯರೂ ಒಟ್ಟಿಗೆ ಕೂತು ನುಡಿಸಿದರು, ಆ ದೇಶದಲ್ಲಿ ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಅಲ್ಲಿ ಮಾರ್ಥಾ ಟಿಲ್ಟನ್ ಈ ಹಾಡನ್ನು ಹಾಡುತ್ತಿದ್ದ ಹಾಗೆ ನಡುವೆ ಜಿಗ್ಗಿ ಎಲ್ಮನ್ ಟ್ರಂಪೆಟ್ ಎತ್ತಿಕೊಂಡು ಯಹೂದ್ಯರ ಮದುವೆಮನೆಯ ಕುಣಿತದ ಧಾಟಿಯನ್ನು ಊದಿಬಿಟ್ಟರು. ತೀರಾ ಯಹೂದ್ಯರದಾಯಿತು ಎಂದು ಬಾಗಿಲಿನಿಂದಲೇ ಕಳಿಸಿದ ಹಾಡು, ಆ ಗುರುತನ್ನು ಮುಚ್ಚಿಡದೆಯೇ ದೊಡ್ಡ ಸಭೆಯ ಚಪ್ಪಾಳೆ ಪಡೆಯಿತು. ನಾನು ಆ ಜಾಗವನ್ನು ಮೂರು ಸಲ ಹಿಂದೆ ಹಾಕಿ ಕೇಳಿದೆ.

ನ್ಯೂಯಾರ್ಕಿನಲ್ಲಿ ಬೇಗೆಲ್‌ಮನ್ ಎಂಬ ಮನೆತನದ ಇಬ್ಬರು ಅಕ್ಕತಂಗಿಯರು ಆಂಡ್ರ್ಯೂಸರ ಈ ಹಾಡು ಕೇಳಿ ತಮ್ಮ ಹೆಸರನ್ನೇ ಬ್ಯಾರಿ ಸಿಸ್ಟರ್ಸ್ ಎಂದು ಬದಲಿಸಿಕೊಂಡರು. ಯಿಡ್ಡಿಷ್ ಹಾಡುಗಳನ್ನು ಜಾಜ್ ತಾಳದಲ್ಲಿ ಹಾಡುವ ಒಂದು ರೇಡಿಯೋ ಕಾರ್ಯಕ್ರಮವೇ 1938ರಲ್ಲಿ ಶುರುವಾಗಿ 1955ರವರೆಗೆ ನಡೆಯಿತು. ಅಜ್ಜಿ ಹಾಡುತ್ತಿದ್ದುದನ್ನು ಮೊಮ್ಮಕ್ಕಳು ನಾಚಿಕೆಯಿಲ್ಲದೆ ಹಾಡುವಂತಾಯಿತು.

ಕಡಲಾಚೆಗೂ ಹೋಯಿತು ಹಾಡು. ಹಿಟ್ಲರನ ಜರ್ಮನಿಯಲ್ಲಿ ಹೆಸರು ಕೇಳಿ ಇದೇನೋ ನಮ್ಮದೇ ಯಾವುದೋ ಸೀಮೆಯ ಆಡುಮಾತಿನ ಹಾಡು ಅಂದುಕೊಂಡು ಜನ ಹಾಡಿದರಂತೆ. ರಾಗ ಕಟ್ಟಿದವರು ಯಹೂದ್ಯರು ಎಂದು ತಿಳಿದದ್ದೇ ತಡ, ನಾಜಿಗಳು ಅದರ ಬಾಯಿ ಮುಚ್ಚಿಸಿದರು. ಅದೇ ರಾಗ 1943ರಲ್ಲಿ ರಷ್ಯಾದಲ್ಲಿ ಬೇರೆ ವೇಷ ಹಾಕಿಕೊಂಡು ಬಂತು. ಒಡೆಸ್ಸಾದ ಯಹೂದ್ಯ ಗಾಯಕ ಲಿಯೊನಿಡ್ ಉತ್ಯೋಸೊವ್ ಅದಕ್ಕೆ ಹೊಂದಿಸಿದ ರಷ್ಯನ್ ಸಾಹಿತ್ಯದಲ್ಲಿ ಜರ್ಮನ್ ಸೇನೆಯ ಜಂಭದ ಪ್ರಭುವೊಬ್ಬನನ್ನು ಗೇಲಿ ಮಾಡಿ ಹಾಡಿದರು. ಈ ಯಿಡ್ಡಿಷ್ ಆಡುತ್ತಿದ್ದ ಊರೂರುಗಳನ್ನೇ ಆ ವೇಳೆಗೆ ನಾಜಿಗಳು ಸುಟ್ಟು ಬರಿದು ಮಾಡುತ್ತಿದ್ದರು. ಆ ಭಾಷೆಯ ಲಕ್ಷಾಂತರ ಅಮ್ಮಂದಿರು ಹೋದರು. ಇದನ್ನು ತಿಳಿದ ಮೇಲೆ ಆ ರಾಗದ ಅಳುವನ್ನು ಮೊದಲಿನ ಹಾಗೆ ಕೇಳಲು ನನಗೆ ಆಗುತ್ತಿಲ್ಲ.

ಈಗ ದುಡ್ಡಿನ ಲೆಕ್ಕ. ಆ ಹಾಡು ಮುಂದಿನ ವರ್ಷಗಳಲ್ಲಿ ಹಕ್ಕುದಾರರಿಗೆ ಸುಮಾರು 30 ಲಕ್ಷ ಡಾಲರ್ ದುಡಿದುಕೊಟ್ಟಿತೆಂದು ಅಂದಾಜು ಹೇಳುತ್ತಾರೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ! ಹಾಡಿದ ಅಕ್ಕತಂಗಿಯರಿಗೆ ಮೊದಲು ಸಿಕ್ಕಿದ್ದು ಒಟ್ಟು 50 ಡಾಲರ್, ಮಾರಾಟದಲ್ಲಿ ಪಾಲಿಲ್ಲ. ಮುಂದಿನ ಹಾಡುಗಳಿಗೆ ಕಂಪನಿ ರಾಯಲ್ಟಿ ಕೊಡಲು ಒಪ್ಪಿತು, ಅವರು ದೊಡ್ಡ ತಾರೆಗಳೂ ಆದರು. ಆದರೆ ಅಪೊಲೊದಲ್ಲಿ ಹಾಡಿದ ಆ ಜಾನಿ ಮತ್ತು ಜಾರ್ಜ್? ಅವರ ಬಾಯಿಂದ ಕೇಳಿಯೇ ತಾನೆ ಕಾನ್‌ಗೆ ಹೊಳೆದದ್ದು? ಹೇಳುವವರೆಲ್ಲ ಜಾನಿ, ಜಾರ್ಜ್ ಎಂದು ಹೇಳಿ ಮುಂದೆ ಹೋಗಿಬಿಡುತ್ತಾರೆ. ಸೆಕುಂಡಾಗೆ ಆದ ಅನ್ಯಾಯದ ಬಗ್ಗೆ ಬರೆದವರು ಬಹಳ ಜನ, ಈ ಇಬ್ಬರ ಬಗ್ಗೆ ಮರುಗಿದವರನ್ನು ನಾನು ಕಾಣೆ.

ಸೆಕುಂಡಾರ ತಾಯಿಯ ಸಂಗತಿ ಕೇಳಿದರೆ ಕರುಳು ಚುರುಕ್ ಎನ್ನುತ್ತದೆ. ಮಗನ ಹಾಡು ಬೀದಿಬೀದಿಯಲ್ಲಿ, ಮಗನ ಕೈ ಬರಿದು. ಏನೋ ಪಾಪ ಮಾಡಿದ್ದಕ್ಕೇ ದೇವರು ಮಗನಿಗೆ ಹೀಗೆ ಮಾಡಿದ ಎಂದು ಆಕೆ ನಂಬಿ, 25 ವರ್ಷ ದಿನವೂ ಪ್ರಾರ್ಥನಾ ಮಂದಿರಕ್ಕೆ ಹೋಗಿ ಕ್ಷಮೆ ಬೇಡುತ್ತಿದ್ದರಂತೆ. ಮಗ ಮಾತ್ರ ಇದು ನನಗಿಂತ ಉಳಿದವರಿಗೇ ಹೆಚ್ಚು ಕಾಡಿತು ಎನ್ನುತ್ತಿದ್ದರಂತೆ. ನಿಜವಾಗಿ ಹಾಗೇ ಇತ್ತೋ, ಅಮ್ಮನ ಮುಂದೆ ಹಾಗೆ ಹೇಳಬೇಕಿತ್ತೋ? ಅವರು ಕೈಕಟ್ಟಿ ಕೂರಲಿಲ್ಲ ಎಂಬುದಂತೂ ಸತ್ಯ. ನಾಟಕಗಳಿಗೆ, ಪ್ರಾರ್ಥನೆಗಳಿಗೆ ಸಂಗೀತ ಕೂಡಿಸುತ್ತಲೇ ಇದ್ದರು. ಕಸಾಯಿಖಾನೆಗೆ ಗಾಡಿಯಲ್ಲಿ ಹೋಗುತ್ತಿರುವ ಕರುವಿನ ಕುರಿತ 'ಡೊನಾ ಡೊನಾ' ಎಂಬ ಹಾಡೂ ಅವರ ರಾಗವೇ. ಅದನ್ನು 1960ರಲ್ಲಿ ಜೋನ್ ಬಾಯೆಜ್ ಹಾಡಿ ಲೋಕಪ್ರಸಿದ್ಧ ಮಾಡಿದರು.

ಅಮೆರಿಕದ ಅಂದಿನ ಕಾನೂನಿನಲ್ಲಿ ಒಂದು ಒಳ್ಳೆಯ ಅಂಶ ಇತ್ತು. ಕೃತಿಯ ಹಕ್ಕಿಗೆ 28 ವರ್ಷದ ಅವಧಿ. ಅದು ಮುಗಿದಾಗ ಇನ್ನೊಂದು ಅವಧಿಗೆ ನವೀಕರಿಸಿಕೊಳ್ಳುವ ಅವಕಾಶ ಮೂಲಕರ್ತೃವಿಗೆ ಬರುತ್ತಿತ್ತು. ಮುಗ್ಗಟ್ಟಿನಲ್ಲಿ ಮಾರಿಕೊಂಡವನಿಗೆ ಮತ್ತೊಮ್ಮೆ ಬಾಗಿಲು ತೆರೆಯಲಿ ಎಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದರು. 1961ರಲ್ಲಿ ಆ ಗಡುವು ಬಂತು. ಸೆಕುಂಡಾ ಮತ್ತು ಜೇಕಬ್ಸ್ ಇಬ್ಬರೂ ಬದುಕಿದ್ದರು. ಹಾಡನ್ನು ಹಿಂದಕ್ಕೆ ಪಡೆದುಕೊಂಡು ಈ ಸಲ ರಾಯಲ್ಟಿಯ ಕರಾರು ಸರಿಯಾಗಿ ಬರೆಸಿಕೊಂಡೇ ಬೇರೆ ಪ್ರಕಾಶಕರಿಗೆ ಕೊಟ್ಟರು. ಆಗ ಸೆಕುಂಡಾಗೆ 67ರ ಹತ್ತಿರ ಹತ್ತಿರ ವಯಸ್ಸು. ಅಲ್ಲಿಂದ 1974ರಲ್ಲಿ ತೀರಿಕೊಳ್ಳುವ ತನಕ ತಮ್ಮ ಹಾಡಿನ ಅನ್ನ ಉಂಡರು.

ನಿಮಗೂ ಕೇಳಬೇಕೆನ್ನಿಸಿದರೆ ಮಕ್ಕಳ ಕೈಲಿ ಹಾಕಿಸಿಕೊಳ್ಳಿ. ಮೊದಲು ಅಕ್ಕತಂಗಿಯರದು, ಆಮೇಲೆ ಗುಡ್‌ಮನ್ ಅವರ ಕಾರ್ನೆಗಿ ಹಾಲಿನ ಕಛೇರಿಯದು. ಕಡೆಯಲ್ಲಿ ಯಿಡ್ಡಿಷಿನ ಮೂಲ. ನಮ್ಮ ಅತ್ತೆಯವರಿಗೆ ಮೂರನ್ನೂ ಕೇಳಿಸಿದೆ. ಹಪ್ಪಳದ ಹಿಟ್ಟು ಮಿದಿಯುತ್ತ, ಒಂದು ಮಾತೂ ತಿಳಿಯದಿದ್ದರೂ, ಕಡೆಯದಕ್ಕೆ ಮಾತ್ರ ಕೈ ನಿಲ್ಲಿಸಿದರು. "ಇದು ಮನೆಯದು ಅನ್ಸತ್ತೆ, ಇನ್ನೊಂದ್ಸಲ ಹಾಕು" ಅಂದರು.